ಎರವಲು ಮುಖ

ವಾಡಿ ಜಂಕ್ಷನ್ನಿನ ಹೆಂಗಸರ ತಂಗುಕೋಣೆಯ ತಗಡಿನ ಮೇಲೆ ಮಳೆ ಮಧ್ಯಾಹ್ನದಿಂದ ಸುರಿಯುತ್ತಿತ್ತು. ಕಾಗಿಣಾ ಹೊಳೆ ತುಂಬಿ ಹಳಿಯ ಮೇಲೆ ನೀರು ಬಂದಿದೆ, ಇಳಿಯುವವರೆಗೆ ಹೈದರಾಬಾದಿನ ಕಡೆ ಗಾಡಿ ಹೋಗುವುದಿಲ್ಲ ಎಂದು ಸ್ಟೇಷನ್ನಿನ ಜವಾನ ಬಾಗಿಲಲ್ಲಿ ನಿಂತು ಉರ್ದುವಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಕೂಗಿ ಹೋಗಿದ್ದ. ಟ್ರಂಕುಗಳ ಮೇಲೆ, ಗಂಟುಗಳ ಮೇಲೆ ಕೂತ ಹೆಂಗಸರು ಬುತ್ತಿ ಬಿಚ್ಚಿ ಉಂಡು ಮುಗಿಸಿದ್ದರು. ಆಡುವ ಮಾತೂ ಮುಗಿಯುತ್ತ ಬಂದಿತ್ತು.

ನಾಲವಾರದ ವಿಮಲಾಬಾಯಿ ಮಾತ್ರ ಮೇಲಿಂದ ಮೇಲೆ ಎದ್ದು ಗಂಡಸರ ಕಡೆ ಇಣುಕಿ ಬರುತ್ತಿದ್ದಳು. ಅವಳ ಗಂಡ ಅಲ್ಲಿ ಗೋಡೆಗೊರಗಿ ಕೂತಿದ್ದ. ಗದ್ದದಿಂದ ನೆತ್ತಿಯವರೆಗೆ ಬಿಳಿ ಪಟ್ಟಿ ಸುತ್ತಿತ್ತು. ಸೈಕಲ್ಲಿನಿಂದ ಬಿದ್ದು ದವಡೆ ಮುರಿದಿತ್ತು; ಹೈದರಾಬಾದಿನ ದವಾಖಾನೆಗೆ ಕರೆದೊಯ್ಯುತ್ತಿದ್ದಳು.

“ಎಲ್ಲಿ ಬಿದ್ದಾನವ್ವಾ?” ಎಂದು ಮೂಲೆಯಿಂದ ಒಂದು ದನಿ ಕೇಳಿತು. ಭಂಕೂರಿನ ಜೈತುನ್ಬೀ. ತಾಂಡೂರಿನ ಮಗಳ ಮನೆಗೆ ಹೊರಟ ಮುದುಕಿ. ಬಾಯಲ್ಲಿ ಹಲ್ಲು ಉಳಿದಿರಲಿಲ್ಲ, ದನಿ ಮಾತ್ರ ಗಟ್ಟಿಯಾಗಿತ್ತು.

“ಶಹಾಬಾದದಿಂದ ಬರೋ ಹಾದ್ಯಾಗ, ಚಾಚಿ. ಭಂಕೂರ ಇನ್ನೂ ಬಂದಿರಲಿಲ್ಲಂತ.”

“ಫರಸಿಕಲ್ಲು ಒಟ್ಟಿರ್ತಾರಲ್ಲ, ಆ ತಿರುವಿನ್ಯಾಗೇನು?”

“ಹೌದು. ನಿಮಗ ಹ್ಯಾಂಗ ಗೊತ್ತು?”

“ಹೆದರಬ್ಯಾಡ. ನಿನ್ನ ಗಂಡ ತನ್ನ ಜೋರಿನ್ಯಾಗ ತಾನಾ ಬಿದ್ದಾನ. ಅಂವಾ ಈಗ ಯಾರಿಗೂ ಅಡ್ಡ ಬರಂಗಿಲ್ಲ.”

“ಯಾರು, ಚಾಚಿ?”

ಮುದುಕಿ ಕಾಲು ಮಡಚಿ ಸರಿಯಾಗಿ ಕೂತಳು. ಮೂವರು ನಾಲ್ವರು ತಮ್ಮ ಗಂಟು ಎಳೆದುಕೊಂಡು ಹತ್ತಿರ ಬಂದರು. ಒಬ್ಬಳು ಕಂದೀಲಿನ ಬತ್ತಿ ಏರಿಸಿದಳು.

“ದೆವ್ವದ ಕತಿ ಅಂದ್ರ ಕತ್ತಲದಾಗೇ ಸುರು ಆಗಬೇಕಂತ ಯಾರ ಹೇಳ್ಯಾರ? ನಂದು ಬೆಳಿಗ್ಗಿ ಸುರು ಆಗ್ತದ, ರೊಟ್ಟಿ ಬಡಿಯೋ ಹೊತ್ತಿಗೆ… ಕುಂದ್ರಿ, ಕೇಳ್ರಿ. ನಡುವ ಹೂಂ ಅನ್ರಿ, ಇಲ್ಲಂದ್ರ ನಿದ್ದಿ ಹತ್ತೀತು ಅಂತ ತಿಳೀತೀನಿ.”

ಗಂಡನಿಗೆ ಮಣ್ಣು ಕೊಟ್ಟು, ಬಂದ ನೆಂಟರು ತಮ್ಮ ತಮ್ಮ ಊರಿನ ಹಾದಿ ಹಿಡಿದ ಮೇಲೆ, ಭಂಕೂರಿನ ರತ್ನಾಬಾಯಿಗೆ ಮೊದಲ ಸಾದಾ ಬೆಳಗು ಬಂತು. ಅಳುವವರು ಯಾರೂ ಮನೆಯಲ್ಲಿರಲಿಲ್ಲ. ಕೋಳಿ ಕೂಗಿತು, ಹಾಲಿನವಳು ಬಂದಳು, ಕಲ್ಲಿನ ಖಣಿಗೆ ಹೋಗುವ ಆಳುಗಳು ಬೀಡಿ ಹಚ್ಚಿಕೊಂಡು ಅಂಗಳದ ಮುಂದೆ ಹಾದುಹೋದರು. ಎಲ್ಲವೂ ಹಿಂದಿನ ಹಾಗೆಯೇ ಇತ್ತು. ಅದೇ ಅವಳಿಗೆ ಸಿಟ್ಟು ತರಿಸಿತು. ಒಲೆ ಹಚ್ಚಿದಳು, ಜೋಳದ ಹಿಟ್ಟು ನಾದಿದಳು, ಬಡಿಯುತ್ತ ಕೂತಳು. ಕೈಗೆ ಸಾವಿನ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಗಂಡನ ಪಾಲಿನ ರೊಟ್ಟಿಯೂ ಬೆಂದುಹೋಯಿತು.

ಅತ್ತೆ ನೀಲಾಬಾಯಿ ಬುಟ್ಟಿಯಲ್ಲಿ ಇಣುಕಿದಳು. “ಅದು ಯಾರಿಗೆ ಬಡದಿ?”

“ನನಗ.”

ಅದನ್ನೂ ತಿಂದಳು. ನೀರು ಕುಡಿದು ನುಂಗಿದಳೇ ಹೊರತು ಎಲೆಯಲ್ಲಿ ಚೂರೂ ಬಿಡಲಿಲ್ಲ.

“ಆಕಿ ಹಂಗ ಅದಾಳ ನೋಡ್ರಿ,” ಎಂದಳು ಜೈತುನ್ಬೀ. “ಆಕಿ ಮನಿಗೂ ನಮ್ಮ ಮನಿಗೂ ಒಂದಾ ಗ್ವಾಡಿ. ಅತ್ತಿದ್ರ ನನಗ ಕೇಳ್ತಿತ್ತು. ಅಳಲೇ ಇಲ್ಲ… ಯಾಕ ಅಂತೀರಿ? ಗಂಡನ ಮಾರಿ ನೋಡೇ ಇಲ್ಲ ಆಕಿ. ಹೋದವನ ಮಾರಿ ನೋಡಲಾರ್ದ ಅಳು ಹ್ಯಾಂಗ ಬರ್ತದ, ನೀವಾ ಹೇಳ್ರಿ?”

ಅವಳ ಗಂಡ ಕಲ್ಯಾಣಪ್ಪ ಶಹಾಬಾದಿನ ಹತ್ತಿರ ಒಂದು ಕಲ್ಲಿನ ಖಣಿಯಲ್ಲಿ ಲೆಕ್ಕ ಬರೆಯುವ ಮುನಶಿಯಾಗಿದ್ದ. ಬಾಯಲ್ಲಿ ಸದಾ ತಂಬಾಕು ಇಟ್ಟುಕೊಂಡಿರುತ್ತಿದ್ದ ಮೆತ್ತಗಿನ ಮನುಷ್ಯ. ನಾಯಿಗೂ ಹಚಾ ಎನ್ನದೆ ಸುತ್ತು ಹಾಕಿ ಹೋಗುವವನು. ಒಂದು ಸಂಜೆ ಸೈಕಲ್ಲಿನ ಮೇಲೆ ಊರಿಗೆ ಬರುವಾಗ, ಖಣಿಯ ಗುತ್ತೇದಾರನ ಮೋಟಾರ್ ಸೈಕಲ್ಲು ಫಟಫಟಿ ಎನ್ನುತ್ತ ಹಿಂದಿನಿಂದ ಬಂದು ಗುದ್ದಿತು. ತಿರುವಿನ ಅಂಚಿನಲ್ಲಿ ಗಾಡಿಗೆ ಹೇರಲು ಫರಸಿ ಚಪ್ಪಡಿಗಳನ್ನು ಸಾಲಾಗಿ, ಅಂಚು ಮೇಲೆ ಮಾಡಿ ನಿಲ್ಲಿಸಿದ್ದರು. ಕಲ್ಯಾಣಪ್ಪ ಅವುಗಳ ಮೇಲೆ ಬೋರಲಾಗಿ ಬಿದ್ದ. ಕೈಗೆ, ಕಾಲಿಗೆ ಒಂದು ತರಚು ಗಾಯವೂ ಇರಲಿಲ್ಲ. ಮುಖ ಉಳಿಯಲಿಲ್ಲ.

ಅವನು ತಾನೇ ಬಿದ್ದ ಎಂದು ಗುತ್ತೇದಾರ ಠಾಣೆಯಲ್ಲಿ ಬರೆಸಿದ. ನಿಜ ಊರಿಗೆ ಗೊತ್ತಿತ್ತು. ಅರ್ಧ ಊರು ಅವನ ಖಣಿಯಲ್ಲಿ ಕಲ್ಲು ಒಡೆಯುತ್ತಿತ್ತು. ಹಾಗಾಗಿ ಗೊತ್ತಿದ್ದೂ ಸುಮ್ಮನಿತ್ತು.

ಹೋದವನನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿ, ಊರಿನವರೆಲ್ಲ ಬಂದು ಮುಖ ನೋಡಿ ಕೈಮುಗಿದು ಹೋಗುವುದು ಲಿಂಗಾಯತರಾದ ಅವರ ಪದ್ಧತಿ. ಇಲ್ಲಿ ನೋಡಲು ಏನಿತ್ತು? ಧೋತರದಲ್ಲಿ ಸುತ್ತಿದ ತಲೆಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಬಂದವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಆಗ ಊರಿನ ಅಯ್ಯ ಮಡಿವಾಳಯ್ಯ ಒಂದು ಉಪಾಯ ತೆಗೆದ. ಊರ ಹೊರಗಿನ ವೀರಭದ್ರನ ಗುಡಿಯ ಪೂಜೆಯೂ ಅವನದೇ. ಗುಡಿಯ ಕಲ್ಲಿಗೆ ದಿನಾ ಕಟ್ಟುವ ಹಿತ್ತಾಳೆಯ ಮುಖವೊಂದಿತ್ತು. ಹುರಿ ಮೀಸೆ, ಅಗಲ ಹಣೆ, ಬೆಳ್ಳಿಯ ಕಣ್ಣು.

“ಲಿಂಗದಾಗ ಕೂಡಿದ ಮ್ಯಾಲ ಅಂವಾ ಬ್ಯಾರೆ, ಲಿಂಗ ಬ್ಯಾರೆ ಏನು?” ಎಂದ ಮಡಿವಾಳಯ್ಯ. “ನಮಗ ಸಾವಿನ ಸೂತಕ ಇಲ್ಲ. ದೇವರ ಮಾರಿ ಒಂದ ಹೊತ್ತಿಗೆ ಕಡ ತರ್ತೀನಿ. ಮಂದಿ ನೋಡಿ ಕೈ ಮುಗೀಲಿ.”

ತಂದು ಕಟ್ಟಿದ. ಬದುಕಿದ್ದಷ್ಟು ದಿನ ತಲೆ ತಗ್ಗಿಸಿ ನಡೆದ ಮುನಶಿ, ಮಣ್ಣಿಗೆ ಹೋಗುವ ದಿನ ಹುರಿ ಮೀಸೆ ಹೊತ್ತು, ಕಣ್ಣು ಕೆಕ್ಕರಿಸಿ ಊರನ್ನೆಲ್ಲ ನೋಡುತ್ತ ಹೋದ. ಅದಕ್ಕೂ ಮೊದಲು ರತ್ನಾಬಾಯಿ ಧೋತರ ಸರಿಸಲು ಕೈ ಚಾಚಿದ್ದಳು. ಹೆಂಗಸರು ಆ ಕೈ ಹಿಡಿದರು. “ಬ್ಯಾಡವ್ವಾ, ನಿನಗ ಗೊತ್ತಿದ್ದ ಮಾರೀನಾ ಇಟ್ಕೋ.” ಅಂದು ಕೈ ಬಿಡಿಸಿಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಈಗ ಆ ಸಾದಾ ಬೆಳಗಿನಲ್ಲಿ, ಅವಳು ಎಲೆ ಎತ್ತುವ ಹೊತ್ತಿಗೆ, ಮಡಿವಾಳಯ್ಯ ಅಂಗಳದಲ್ಲಿ ಬಂದು ನಿಂತ. ಏದುಸಿರು ಬಿಡುತ್ತಿದ್ದ.

“ರತ್ನವ್ವಾ, ದೇವರ ಮಾರಿ ಎಲ್ಲೈತಿ?”

“ನಿಮಗ ಗೊತ್ತಿರಬೇಕು, ಅಯ್ಯನೋರ. ಕಟ್ಟಿದವರು ನೀವು.”

ಕುಣಿಗೆ ಇಳಿಸಿದ ಮೇಲೆ ಮುಖ ಬಿಚ್ಚಬೇಕಿತ್ತು. ಇವನು ಬಿಚ್ಚುತ್ತಾನೆಂದು ಅವನು, ಅವನು ಬಿಚ್ಚುತ್ತಾನೆಂದು ಇವನು ಕಾದರು. ಬಿಚ್ಚಿದವನು ಕೆಳಗಿದ್ದದ್ದನ್ನು ನೋಡಬೇಕಲ್ಲ! ಕಡೆಗೆ ವಿಭೂತಿ ಸುರಿದರು, ಉಪ್ಪು ಸುರಿದರು, ಮಣ್ಣೆಳೆದರು. ಗುಡಿಯಲ್ಲಿ ದೇವರು ಬೋಳು ಕಲ್ಲಾಗಿ ನಿಂತ.

“ಇಷ್ಟಾ ಆಗಿದ್ರ ಯಾರೂ ಬಾಯಿ ಬಿಡ್ತಿರಲಿಲ್ಲ,” ಎಂದಳು ಜೈತುನ್ಬೀ. “ಹೊಸದೊಂದು ಮಾರಿ ಮಾಡಸ್ತಿದ್ರು. ಆದ್ರ… ಆ ತಿರುವಿನ್ಯಾಗ ಮಂದಿ ಬೀಳಾಕ ಸುರು ಆದ್ರು. ಬಿದ್ದವರಿಗೆಲ್ಲ ಪೆಟ್ಟು ಎಲ್ಲಿ ಅಂತೀರಿ? ಮಾರಿಗೇ!”

ಮೊದಲು ಟಪಾಲಿನವ ಬಿದ್ದ, ಮೂಗು ಒಡೆಯಿತು. ಆಮೇಲೆ ಚಿತ್ತಾಪುರದಿಂದ ಬಟ್ಟೆ ಹೊತ್ತು ಬರುವ ವ್ಯಾಪಾರಿ ಬಿದ್ದ, ಮುಂದಿನ ಹಲ್ಲು ಹೋದವು. ಆಮೇಲೆ ಗುತ್ತೇದಾರ ತನ್ನ ಫಟಫಟಿ ಸಮೇತ ಬಿದ್ದ. ತುಟಿಯ ಅಂಚಿನಿಂದ ಕಿವಿಯವರೆಗೆ ಕೆನ್ನೆ ಸೀಳಿ, ದವಾಖಾನೆಯಲ್ಲಿ ಹೊಲಿಸಿಕೊಂಡು ಬಂದ. ಹೊಲಿಗೆ ಬಾಯನ್ನು ಒಂದು ಕಡೆಗೆ ಎಳೆದಿದ್ದರಿಂದ, ಸಿಟ್ಟು ಬಂದಾಗಲೂ ನಕ್ಕ ಹಾಗೆ ಕಾಣುತ್ತಿದ್ದ. ಬಿದ್ದವರೆಲ್ಲ ಹೇಳಿದ್ದು ಒಂದೇ ಮಾತು. ಮುಸ್ಸಂಜೆ, ರಸ್ತೆಯ ನಟ್ಟನಡುವೆ, ಹಳದಿಯದೇನೋ ಎದುರಿಗೆ ಬರುತ್ತದೆ. ಗಂಟೆ ಬಾರಿಸಿದರೂ, ಕೂಗಿದರೂ ಹಾದಿ ಬಿಡುವುದಿಲ್ಲ.

ಕಲ್ಯಾಣಪ್ಪ ದೆವ್ವವಾಗಿದ್ದಾನೆ, ಕಳೆದುಕೊಂಡ ಮುಖಕ್ಕಾಗಿ ಹಾದಿಹೋಕರ ಮುಖ ಕೀಳುತ್ತಿದ್ದಾನೆ ಎಂದು ಊರು ತೀರ್ಮಾನಿಸಿತು. ಹೆಂಗಸರು ರತ್ನಾಬಾಯಿಯ ಮನೆಯ ಮುಂದೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಓಡತೊಡಗಿದರು. ಕುಣಿಯ ಮೇಲೆ ದೊಡ್ಡ ಫರಸಿ ಹೊದಿಸಿ, ನಾಲ್ಕು ಮೂಲೆಗೆ ಕಬ್ಬಿಣದ ಮೊಳೆ ಜಡಿದು, ಅವನು ಏಳದಂತೆ ಮಾಡುವುದಾಗಿ ಗುತ್ತೇದಾರ ಸಾರಿದ. ಕಲ್ಲು ತನ್ನದೇ ಎಂದ.

ಇದನ್ನು ಕೇಳಿದ ಸಂಜೆ ರತ್ನಾಬಾಯಿ ನಡುಗೋಡೆಯ ಮೇಲಿಂದ ಕರೆದಳು. “ಚಾಚಿ, ನನ್ನ ಗಂಡ ತಿರುವಿಗೆ ಬರ್ತಾನಂತ. ಎಲ್ಲರೂ ನೋಡ್ಯಾರ, ನಾ ಒಬ್ಬಾಕಿ ನೋಡಿಲ್ಲ. ಬರ್ತಿಯೇನು?”

“ಹೋಗಲಿಲ್ಲಂದ್ರ ಮನಸ್ಸಿಗೆ ಸಮಾಧಾನ ಇಲ್ಲ, ಹೋದ್ರ ಜೀವಕ್ಕಿಲ್ಲ… ಹೋದೆ. ತುಟಿ ತುಂಬ ದುವಾ ಓದಿಕೊಂತ ಹೋದೆ,” ಎಂದಳು ಜೈತುನ್ಬೀ.

ಹೊತ್ತು ಮುಳುಗಿತ್ತು, ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಇಬ್ಬರೂ ಫರಸಿಗಳ ಬದಿಗೆ ನಿಂತರು. ಶಹಾಬಾದಿನ ಕಡೆಯಿಂದ ಒಂದು ಸೈಕಲ್ಲು ಬಂತು. ಕಾಲು ತುಳಿಯುತ್ತಿದ್ದವು, ಚೈನಿನ ಸದ್ದಿಲ್ಲ, ಧೂಳು ಏಳಲಿಲ್ಲ. ಮೈ ಮುನಶಿಯದು, ಅಂಗಿ ಅವಳೇ ಒಗೆದ ಅಂಗಿ. ಅದರ ಮೇಲೆ ಹಿತ್ತಾಳೆ ಮುಖ. ತಿರುವಿನಲ್ಲಿ ತಿರುಗಬೇಕಿದ್ದವನು ತಿರುಗಲಿಲ್ಲ. ನೆಟ್ಟಗೆ ಬಂದು ಕಲ್ಲಿಗೆ ಹಾಯ್ದ. ಇಳಿದ. ಎರಡೂ ಕೈ ಚಾಚಿ ಫರಸಿಗಳ ಅಂಚನ್ನು ಒಂದೊಂದಾಗಿ ಸವರತೊಡಗಿದ, ಕತ್ತಲ ಕೋಣೆಯಲ್ಲಿ ಕಡ್ಡಿಪೆಟ್ಟಿಗೆ ಹುಡುಕುವವನ ಹಾಗೆ.

ರತ್ನಾಬಾಯಿ ಮುಂದೆ ಬಂದಳು. ಮದುವೆಯ ದಿನ ಒಡಪಿನಲ್ಲಿ ಬಿಟ್ಟರೆ ಎಂದೂ ಬಾಯಿಂದ ತೆಗೆಯದ ಹೆಸರನ್ನು ಬಯಲಲ್ಲಿ ನಿಂತು ಕೂಗಿದಳು.

“ಕಲ್ಯಾಣಪ್ಪಾ!”

ಅವನು ತಿರುಗಿದ. ಆದರೆ ಅವಳ ಕಡೆಗಲ್ಲ, ಅವಳ ಬದಿಯಲ್ಲಿದ್ದ ಬೇವಿನ ಗಿಡದ ಕಡೆಗೆ. ಅವಳು ಎಡಕ್ಕೆ ಸರಿದು ಮತ್ತೆ ಕೂಗಿದಳು. ಅವನು ಅವಳು ಮೊದಲು ನಿಂತಿದ್ದ ಜಾಗಕ್ಕೆ ಮುಖ ಮಾಡಿದ. ಬೆಳ್ಳಿಯ ಕಣ್ಣು ಫಳಫಳ ಹೊಳೆದವು. ಕೈ ಗಾಳಿಯನ್ನು ತಡಕುತ್ತಲೇ ಇದ್ದವು.

“ಚಾಚಿ,” ಎಂದಳು ರತ್ನಾಬಾಯಿ. ದನಿಯಲ್ಲಿ ಹೆದರಿಕೆ ಹೋಗಿತ್ತು. “ಇಂವಗ ಕಾಣವಲ್ದು.”

ಮರುದಿನ ಬಿಸಿಲೇರುವ ಹೊತ್ತಿಗೆ ಎತ್ತಿನ ಗಾಡಿಯಲ್ಲಿ ಫರಸಿ ಹೇರಿಸಿ, ತಾನು ಫಟಫಟಿಯ ಮೇಲೆ ಗುತ್ತೇದಾರ ರುದ್ರಭೂಮಿಗೆ ಬಂದ. ಮಡಿವಾಳಯ್ಯ ಬಂದ, ಊರು ಬಂತು. ಕುಣಿಯ ಮೇಲೆ ರತ್ನಾಬಾಯಿ ಸಲಿಕೆ ಊರಿ ನಿಂತಿದ್ದಳು.

“ಬದಿಗೆ ಸರಿ, ರತ್ನಾಬಾಯಿ,” ಎಂದ ಗುತ್ತೇದಾರ. “ನಿನ್ನ ಗಂಡ ಮಂದಿ ಮಾರಿ ಕೀಳಾಕತ್ತಾನ. ನಾ ಕಲ್ಲು ಪುಕಟ ಕೊಡಾಕತ್ತೀನಿ. ಶುಕರ್ ಅಂತ ಕೈ ಮುಗಿ.”

“ಪುಕಟ ಒಮ್ಮಿ ಕೊಟ್ಟೀರಿ, ಗುತ್ತೇದಾರ. ಅಂವಾ ಬಿದ್ದದ್ದು ನಿಮ್ಮ ಕಲ್ಲಿನ ಮ್ಯಾಲೇ. ಸಾಕು.”

“ಅಂವಾ ತಾನಾ ಬಿದ್ದಾನ!”

“ಹಂಗಾದ್ರ ನೀವೂ ನೀವಾ ಬಿದ್ದೀರಿ. ಮತ್ತ ಈ ಕಲ್ಲು ಯಾಕ?”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಗುತ್ತೇದಾರ ಕೆರಳಿ ಆ ಕಡೆ ತಿರುಗಿದ. ಎಳೆದ ಬಾಯಿ ತಾನೂ ನಕ್ಕಂತೆ ಕಂಡಿತು.

ರತ್ನಾಬಾಯಿ ಅಯ್ಯನ ಕಡೆ ನೋಡಿದಳು. “ಅಯ್ಯನೋರ, ಲಿಂಗದಾಗ ಕೂಡ್ಯಾನ ಅಂದ್ರಿ. ಕೂಡಿದವ ದೆವ್ವ ಹ್ಯಾಂಗ ಆದ? ಕೂಡಿಲ್ಲಂದ್ರ ದೇವರ ಮಾರಿ ಹ್ಯಾಂಗ ಕೊಟ್ರಿ?”

ಮಡಿವಾಳಯ್ಯ ಬೆತ್ತವನ್ನು ಈ ಕೈಯಿಂದ ಆ ಕೈಗೆ ದಾಟಿಸಿದ.

“ಅಂವಾ ಯಾರ ಮಾರೀನೂ ಬೇಡಾಕತ್ತಿಲ್ಲ. ದಿನಾ ಬಂದಂಗ ಮನಿಗೆ ಬರಾಕತ್ತಾನ, ಹಾದಿ ಕಾಣವಲ್ದು. ಕಣ್ಣಿಗೆ ತೂತಿಲ್ಲದ ಮಾರಿ ಕಟ್ಟಿ ಕಳಸೀರಿ ನೀವು. ದೇವರಿಗೆ ಗುಡ್ಯಾಗ ಕುಂತಲ್ಲೇ ಎಲ್ಲಾ ಕಾಣ್ತದ. ಮನುಷ್ಯಾಗ ತೂತು ಬೇಕಾಗ್ತದ್ರಿ.”

ಅವಳು ಅಗೆಯತೊಡಗಿದಳು. ಹಿಡಿಯಿರಿ, ತಡೆಯಿರಿ ಎಂದು ಗುತ್ತೇದಾರ ಕೂಗಿದ. ಅವನ ಆಳುಗಳೇ ಅಲ್ಲಿದ್ದರು; ಒಬ್ಬನೂ ಕದಲಲಿಲ್ಲ. ಅಷ್ಟರಲ್ಲಿ ನೀಲಾಬಾಯಿ ಮಂದಿಯನ್ನು ಸರಿಸಿಕೊಂಡು ಬಂದಳು. ಸೊಸೆಯ ಕೂದಲು ಹಿಡಿದು ಎಳೆಯುತ್ತಾಳೆ ಎಂದುಕೊಂಡರು ಎಲ್ಲ. ಅವಳು ಸೆರಗು ಸೊಂಟಕ್ಕೆ ಸಿಗಿಸಿದಳು.

“ಸಲಿಕಿ ಹಿಂಗ ಹಿಡೀತಾರೇನ, ದಡ್ಡಿ? ನನ್ನ ಮಗನ ಮಾರಿಗೆ ತಗಲಿದ್ರ?” ಎಂದವಳೇ ಮೊಣಕಾಲೂರಿ ಎರಡೂ ಕೈಯಿಂದ ಮಣ್ಣು ಬಾಚತೊಡಗಿದಳು.

“ನಾನೂ ಬಾಚಿದೆ,” ಎಂದಳು ಜೈತುನ್ಬೀ. “ನಮ್ಮವರು ಬೈದ್ರು, ಅವರವರು ಬೈದ್ರು. ಬಯ್ಯೋರು ಮ್ಯಾಲ ನಿಂತಿದ್ರು, ನಾವು ಮೂವರು ಕೆಳಗ ಇದ್ವಿ… ಮ್ಯಾಲಿನ ಮಾತು ಅಲ್ಲೀತನಕ ಕೇಳ್ತದೇನ್ರಿ?”

ಉಪ್ಪು ಬಂತು, ವಿಭೂತಿ ಬಂತು, ಬಾಡಿದ ಪತ್ರಿ ಬಂತು. ಆಮೇಲೆ ಹಿತ್ತಾಳೆ ಹೊಳೆಯಿತು. ಕುಣಿಯ ಗೂಡಿನಲ್ಲಿ ಅವನು ಕೂತೇ ಇದ್ದ. ರತ್ನಾಬಾಯಿ ಹಿಂದೆ ಕೈ ಹಾಕಿ ದಾರ ಬಿಚ್ಚಿದಳು. ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿ ಪಾತ್ರೆ ಇಳಿಸುವವಳ ಹಾಗೆ ನಿಧಾನ ತೆಗೆದಳು.

ಮೇಲಿದ್ದವರು ಹಿಂದೆ ಸರಿದರು. ಅವಳು ಸರಿಯಲಿಲ್ಲ. ನೋಡಿದಳು. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿದಳು. ಸೆರಗಿನ ಅಂಚಿನಿಂದ ಅಲ್ಲಲ್ಲಿ ಅಂಟಿದ ಉಪ್ಪು ಒರೆಸಿದಳು. ಆಗ ಅವಳಿಗೆ ಅಳು ಬಂತು. ಊರು ಅಂಥ ಅಳುವನ್ನು ಕೇಳಿರಲಿಲ್ಲ.

“ಏನು ನೋಡಿದ್ರಿ, ಚಾಚಿ?” ವಿಮಲಾಬಾಯಿ ಮೆಲ್ಲಗೆ ಕೇಳಿದಳು.

“ಹೇಳಲ್ಲ. ಅದು ಆಕಿ ಗಂಡನ ಮಾರಿ. ನಿನ್ನ ಗಂಡನ ಪಟ್ಟಿ ಬಿಚ್ಚಿದಾಗ ನೀ ಏನು ನೋಡ್ತಿ, ಅದನ್ನ ಮಂದಿಗೆ ಹೇಳ್ತಿಯೇನು?… ನೋಡು ಮಾತ್ರ. ಕಣ್ಣ ತಗೀಬ್ಯಾಡ.”

ಅತ್ತು ಮುಗಿದ ಮೇಲೆ ರತ್ನಾಬಾಯಿ ತಲೆ ಎತ್ತಿದಳು. “ಬರ್ರಿ. ಮಾರಿ ನೋಡಿ ಕೈ ಮುಗದು ಹೋಗ್ರಿ. ಅವತ್ತ ಯಾರೂ ನೋಡಿಲ್ಲ.” ಒಬ್ಬೊಬ್ಬರಾಗಿ ಬಂದರು. ಮೂಗು ಒಡೆದ ಟಪಾಲಿನವನೂ ಬಂದು, ಬಗ್ಗಿ ನೋಡಿ, ಕಣ್ಣೊರೆಸಿಕೊಂಡ. “ಗುತ್ತೇದಾರ, ಎಲ್ಲರಿಗಿಂತ ಮೊದಲ ನೋಡಿದವರು ನೀವು. ಬರ್ರಿ, ಇನ್ನೊಮ್ಮಿ ನೋಡ್ರಿ.” ಗುತ್ತೇದಾರ ಆಗಲೇ ಫಟಫಟಿಯ ಹತ್ತಿರವಿದ್ದ. ಒದ್ದ, ಒದ್ದ, ಅದು ಚಾಲೂ ಆಗಲಿಲ್ಲ. ಊರೆಲ್ಲ ನೋಡುತ್ತಿದ್ದಂತೆ ಅದನ್ನು ದನದ ಹಾಗೆ ತಳ್ಳಿಕೊಂಡು ಹೋದ. ಅವನ ಫರಸಿ ಗಾಡಿಯಲ್ಲೇ ಉಳಿಯಿತು.

ಮಣ್ಣು ಮುಚ್ಚಿದ ಮೇಲೆ ರತ್ನಾಬಾಯಿ ಹಿತ್ತಾಳೆ ಮುಖವನ್ನು ಬಾವಿಗೆ ಒಯ್ದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಿಗಿಟ್ಟು ಒಣಗಿಸಿ, ಗುಡಿಗೆ ತಂದಳು.

“ತಗೋರಿ, ಅಯ್ಯನೋರ. ನನ್ನ ಗಂಡ ಕಡ ತಂದದ್ದು. ಇದ್ದಿದ್ರ ತಾನಾ ಮುಟ್ಟಸ್ತಿದ್ದ.”

ಮಡಿವಾಳಯ್ಯ ಕೈ ಚಾಚಿದ. ಒಳಮೈ ಬೆರಳಿಗೆ ತಗುಲಿತು. ತೇವ ಇತ್ತು.

“ತೊಳದದ್ದು ಆರಿಲ್ಲವ್ವಾ.”

“ಆರ್ಯಾದ.”

ಅವನು ಹೆಗಲ ವಸ್ತ್ರದಿಂದ ಒರೆಸಿದ. ಅವನು ನೋಡುತ್ತಿದ್ದಂತೆಯೇ ಬಾಯಿಯ ಒಳಭಾಗದಲ್ಲಿ ಮಬ್ಬು ಮೂಡಿತು, ಚಳಿಗಾಲದಲ್ಲಿ ಕನ್ನಡಿಯ ಹತ್ತಿರ ಬಾಯಿ ಒಯ್ದರೆ ಮೂಡುವ ಹಾಗೆ. ಮತ್ತೆ ಒರೆಸಿದ, ಮತ್ತೆ ಮೂಡಿತು. ಅಯ್ಯ ಕೈ ಹಿಂದಕ್ಕೆ ತೆಗೆದುಕೊಂಡು ಬಾಗಿಲವರೆಗೆ ಸರಿದ. ಗುಡಿಯ ಒಳಕೋಣೆಗೆ ಹೆಂಗಸರು ಕಾಲಿಡುವಂತಿರಲಿಲ್ಲ. ರತ್ನಾಬಾಯಿ ಕಾಲಿಟ್ಟಳು. ಕಲ್ಲಿಗೆ ಮುಖ ಆನಿಸಿ, ದಾರ ಎಳೆದು, ತಾನೇ ಗಂಟು ಹಾಕಿದಳು.

“ಹೀಂಗ ಮುಟ್ಟಿಸಿದಳು ಆಕಿ,” ಎಂದಳು ಜೈತುನ್ಬೀ. ಹೊರಗೆ ಮಳೆ ಸಣ್ಣಗಾಗಿತ್ತು. “ಅಂವಾ ಹೋದಾನ ಅಂತೀರಿ? ಹಾದಿ ಅಂವಗ ಈಗ ಕಾಣ್ತದ, ಅಷ್ಟಾ. ಮುಸ್ಸಂಜಿಗೆ ಆ ತಿರುವಿನ್ಯಾಗ ಹೋಗ್ರಿ, ಬದಿಗೆ ಯಾರೋ ಸೈಕಲ್ಲು ಹಿಡಕೊಂಡು ನಿಂತು ಹಾದಿ ಬಿಟ್ಟಂಗ ಆಗ್ತದ… ಮಡಿವಾಳಯ್ಯ ತೀರಕೊಂಡ್ರು. ಈಗ ಅವರ ಮಗ ಪೂಜಿ ಮಾಡ್ತಾನ. ದಿನಾ ಬೆಳಿಗ್ಗಿ ಆ ಹಿತ್ತಾಳಿ ಒಳಗ ಒರಸ್ತಾನ, ದಿನಾ ತೊಯ್ದಿರ್ತದ. ದೇವರು ಉಸಿರಾಡ್ತಾನ ಅಂತ ದೂರದಿಂದ ಮಂದಿ ಬಂದು ಕಾಯಿ ಒಡೀತಾರ. ಒಡೀಲಿ ಪಾಪ, ನಾ ಯಾಕ ಬ್ಯಾಡನ್ನಲಿ? ಆದ್ರ ಆ ಒರಸಿದ ಅರಿವಿ ಒಮ್ಮಿ ನಾ ಮೂಗಿನ ಹತ್ರ ಹಿಡದು ನೋಡೀನಿ… ತಂಬಾಕದ ವಾಸನಿ ಬರ್ತದ, ಮುನಶಿ ಹಾಕ್ತಿದ್ದನಲ್ಲ, ಆ ತಂಬಾಕದ್ದೇ. ವೀರಭದ್ರ ಯಾವಾಗಿಂದ ತಂಬಾಕ ಹಾಕಾಕತ್ತಾನ್ರಿ?”